ಹೆಸರು ಉದ್ದ, ಜಾಗ ಕಿರಿದು: ಕಂಡೆನ್ಸ್ಡ್ ಸೆರಿಫ್ ಅಕ್ಷರಗಳ ಗುಣ ಮತ್ತು ಬಳಕೆ

ನಮ್ಮ ಪೇಟೆಗಳಲ್ಲಿ ಅಂಗಡಿಯ ಹೆಸರುಗಳು ಸಾಮಾನ್ಯವಾಗಿ ಉದ್ದ. ಮನೆದೇವರ ಹೆಸರು, ಹಿರಿಯರ ಹೆಸರು, ವ್ಯಾಪಾರದ ಬಗೆ ಇವೆಲ್ಲ ಕೂಡಿದಾಗ ‘ಶ್ರೀ ಲಕ್ಷ್ಮೀ ವೆಂಕಟೇಶ್ವರ ಟ್ರೇಡರ್ಸ್’ ಎಂಬಂತಹ ಹೆಸರು ಸಿದ್ಧವಾಗುತ್ತದೆ. ಅಂಗಡಿಯ ಮುಖವಾದರೋ ಚಿಕ್ಕಪೇಟೆ, ಅವೆನ್ಯೂ ರಸ್ತೆಯಂತಹ ಹಳೆಯ ಪೇಟೆಗಳಲ್ಲಿ ಹಲವೆಡೆ ಎಂಟು-ಹತ್ತು ಅಡಿ ಮಾತ್ರ. ತಯಾರಕರ ಪಾಡೂ ಬೇರೆಯಲ್ಲ. ಊದುಬತ್ತಿಯ ಪೆಟ್ಟಿಗೆ, ಮಸಾಲೆಯ ಪೊಟ್ಟಣ, ಎಣ್ಣೆಯ ಸೀಸೆ ಇವುಗಳ ಮೇಲಿನ ಜಾಗ ಚದರ ಸೆಂಟಿಮೀಟರುಗಳಲ್ಲಿ ಎಣಿಸುವಷ್ಟು.

ಉದ್ದದ ಹೆಸರನ್ನು ಕಿರಿದಾದ ಜಾಗದಲ್ಲಿ ಕೂರಿಸುವ ಕೆಲಸವನ್ನು ನಾವು ಫಲಕ ಮಾಡುವವರಿಗೋ ಡಿ.ಟಿ.ಪಿ. ಕೆಲಸಗಾರರಿಗೋ ಒಪ್ಪಿಸಿ ನಿಶ್ಚಿಂತರಾಗುತ್ತೇವೆ. ಅವರು ಕೋರೆಲ್‌ಡ್ರಾ ತಂತ್ರಾಂಶದಲ್ಲಿ ಹೆಸರನ್ನು ಟೈಪು ಮಾಡಿ, ಅದರ ಸುತ್ತ ಮೂಡುವ ಚೌಕಟ್ಟಿನ ಮಗ್ಗುಲನ್ನು ಮೌಸಿನಿಂದ ಹಿಡಿದು ಒಳಕ್ಕೆ ಒತ್ತುತ್ತಾರೆ. ಹೆಸರು ಜಾಗದಲ್ಲಿ ಕೂರುತ್ತದೆ, ಮಾಲೀಕರು ತಲೆಯಾಡಿಸುತ್ತಾರೆ, ಮುಂಗಡ ಸಲ್ಲುತ್ತದೆ. ಆದರೆ ಹೀಗೆ ಒತ್ತಿ ಕಿರಿದಾಗಿಸಿದ ಅಕ್ಷರವೇ ಬೇರೆ, ಹುಟ್ಟಿನಿಂದಲೇ ಕಿರಿದಾಗಿ ರಚಿತವಾದ ಅಕ್ಷರವೇ ಬೇರೆ. ಈ ವ್ಯತ್ಯಾಸವು ಗ್ರಾಹಕನ ಕಣ್ಣಿಗೂ ಮುದ್ರಣದ ವೆಚ್ಚಕ್ಕೂ ಸಂಬಂಧಿಸಿದ್ದು. ಪೊಟ್ಟಣದ ವಿಷಯದಲ್ಲಿ ಅದು ಕಾನೂನಿಗೂ ಸಂಬಂಧಿಸಿದ್ದೆಂಬುದು ಅನೇಕ ಉದ್ಯಮಿಗಳಿಗೆ ತಿಳಿದಿರುವುದಿಲ್ಲ.

ಅಕ್ಷರದ ಅಂಗರಚನೆ

ಇಂಗ್ಲಿಷ್ ಅಕ್ಷರದ ಗೆರೆಗಳ ತುದಿಯಲ್ಲಿ ಪಾದದಂತೆ ಚಾಚಿಕೊಂಡಿರುವ ಚಿಕ್ಕ ಅಡ್ಡಗೆರೆಗೆ ಸೆರಿಫ್ ಎಂದು ಹೆಸರು. ಟೈಮ್ಸ್, ಗ್ಯಾರಮಂಡ್, ಬೊಡೊನಿ ಮುಂತಾದ ಅಕ್ಷರಶೈಲಿಗಳಲ್ಲಿ ಇದು ಇದೆ. ಏರಿಯಲ್, ಹೆಲ್ವೆಟಿಕಾಗಳಲ್ಲಿ ಇಲ್ಲ. ಸೆರಿಫ್ ಅಕ್ಷರಗಳಲ್ಲಿ ಸಾಮಾನ್ಯವಾಗಿ ನಿಂತ ಗೆರೆ ದಪ್ಪ, ಅಡ್ಡಗೆರೆ ತೆಳು. ಇದೇ ಕುಟುಂಬದಲ್ಲಿ ಎತ್ತರವನ್ನು ಉಳಿಸಿಕೊಂಡು ಅಗಲವನ್ನು ಮಾತ್ರ ತಗ್ಗಿಸಿ ರಚಿಸಿದ ರೂಪವೇ ಕಂಡೆನ್ಸ್ಡ್ ಸೆರಿಫ್. ಕನ್ನಡದಲ್ಲಿ ಕಿರಿದಗಲದ ಸೆರಿಫ್ ಎನ್ನಬಹುದು.

ನುರಿತ ವಿನ್ಯಾಸಕನು ಅಕ್ಷರವನ್ನು ಕಿರಿದು ಮಾಡುವಾಗ ನಿಂತ ಗೆರೆಯ ದಪ್ಪವನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿ, ಅಕ್ಷರದ ಒಳಗಿನ ಬಯಲನ್ನು ತಗ್ಗಿಸುತ್ತಾನೆ. ‘ಓ’ ಅಕ್ಷರದ ದುಂಡುಮೈಯನ್ನು ನೇರವಾಗಿಸಿ ಎರಡು ಕಂಬಗಳ ಆಕಾರಕ್ಕೆ ತರುತ್ತಾನೆ. ಸೆರಿಫ್‌ಗಳನ್ನು ಮೊಟಕಾಗಿಸುತ್ತಾನೆ, ಅಕ್ಷರಗಳ ನಡುವಣ ತೆರಪನ್ನು ಒಳಗಿನ ಬಯಲಿಗೆ ಹೊಂದುವಂತೆ ಅಳೆಯುತ್ತಾನೆ. ತತ್ಪರಿಣಾಮವಾಗಿ ಪದವು ಒಂದೇ ಅಂತರದಲ್ಲಿ ನೆಟ್ಟ ಕಂಬಗಳ ಸಾಲಿನಂತೆ ಕಾಣುತ್ತದೆ. ಕಿರಿದಗಲದ ಸೆರಿಫ್‌ನಲ್ಲಿ ಕಾಣುವ ಗಾಂಭೀರ್ಯವೂ ಹಳೆಯ ಮನೆತನದ ಕಳೆಯೂ ಬರುವುದು ಈ ನಿಲುವಿನಿಂದಲೇ.

ಗಣಕಯಂತ್ರದಲ್ಲಿ ಒತ್ತಿದಾಗ ಆಗುವುದೇ ಬೇರೆ. ನಿಂತ ಗೆರೆಯ ದಪ್ಪ 10 ಪಾಲು, ಅಡ್ಡಗೆರೆಯ ದಪ್ಪ 3 ಪಾಲು ಇದೆಯೆಂದು ಭಾವಿಸಿ ಅಕ್ಷರವನ್ನು ಶೇಕಡಾ 60ಕ್ಕೆ ಒತ್ತೋಣ. ನಿಂತ ಗೆರೆ 6 ಪಾಲಿಗೆ ಇಳಿಯುತ್ತದೆ. ಅಡ್ಡಗೆರೆ ಮಾತ್ರ 3 ಪಾಲಾಗಿಯೇ ಉಳಿಯುತ್ತದೆ. ಅಕ್ಷರವನ್ನು ಎತ್ತಿ ಹಿಡಿದಿದ್ದ ಕಂಬ ಸೊರಗಿತು, ತೊಲೆ ಮಾತ್ರ ಇದ್ದಷ್ಟೇ ಇದೆ. ದುಂಡನೆಯ ಅಕ್ಷರಗಳು ಮೊಟ್ಟೆಯನ್ನು ಅಮುಕಿದಂತೆ ಕಾಣುತ್ತವೆ. ಪಕ್ಕದಲ್ಲಿ ಒತ್ತದೆ ಬಿಟ್ಟ ಇನ್ನೊಂದು ಸಾಲು ಇದ್ದರೆ ಎರಡೂ ಒಂದೇ ಸಂಸ್ಥೆಯ ಬರಹವೆಂದು ನಂಬುವುದು ಕಷ್ಟ. ಗ್ರಾಹಕನು ಇದನ್ನು ಮಾತಿನಲ್ಲಿ ಹೇಳಲಾರ. ಆದರೆ ಫಲಕ ಅಗ್ಗದ್ದು ಎಂಬ ಭಾವನೆ ಅವನಲ್ಲಿ ಮೂಡುತ್ತದೆ.

ಸೀಸದ ಮೊಳೆಗಳ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಅಚ್ಚುಮೊಳೆಯ ಅಗಲ ಎರಕವಾದಾಗಲೇ ನಿಶ್ಚಿತ. ಅದನ್ನು ಒತ್ತಿ ಕಿರಿದು ಮಾಡುವ ಉಪಾಯ ಯಾರಲ್ಲಿಯೂ ಇರಲಿಲ್ಲ. ಕಿರಿದಾದ ಅಕ್ಷರ ಬೇಕಿದ್ದಲ್ಲಿ ಮುದ್ರಣಾಲಯದವರು ಕಿರಿದಾಗಿಯೇ ಕೊರೆದು ಎರಕ ಹೊಯ್ದ ಮೊಳೆಗಳನ್ನು ಬೇರೆಯಾಗಿ ಕೊಳ್ಳಬೇಕಿತ್ತು.

ವ್ಯಾಪಾರವೇ ಹುಟ್ಟಿಸಿದ ಅಕ್ಷರ

ಕಿರಿದಗಲದ ಅಕ್ಷರಗಳು ದೊಡ್ಡ ಪ್ರಮಾಣದಲ್ಲಿ ಹಬ್ಬಿದ್ದು 19ನೆಯ ಶತಮಾನದಲ್ಲಿ, ಗೋಡೆಗೆ ಅಂಟಿಸುವ ಜಾಹೀರಾತುಗಳ ಅಗತ್ಯದಿಂದ. ದೊಡ್ಡ ಅಳತೆಯ ಸೀಸದ ಮೊಳೆ ಭಾರ, ದುಬಾರಿ, ಒಡೆಯುವ ಭಯ ಬೇರೆ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಎಂಬ ಮುದ್ರಕ ಮರದ ಅಕ್ಷರಗಳನ್ನು ಯಂತ್ರದಿಂದ ಕೊರೆಯುವ ವಿಧಾನವನ್ನು ರೂಪಿಸಿದ. ಮರುವರ್ಷವೇ ಅಂತಹ ಅಕ್ಷರಗಳ ಮಾದರಿಪಟ್ಟಿಯನ್ನು ಹೊರತಂದ. ಅಲ್ಲಿಂದ ಮುಂದೆ ಹರಾಜು, ನಾಟಕ, ಸರ್ಕಸ್ಸು, ಹಡಗಿನ ಪ್ರಯಾಣ ಎಲ್ಲಕ್ಕೂ ಭಿತ್ತಿಪತ್ರ. ಕಾಗದದ ಅಗಲ ಒಂದೇ, ಆದರೆ ಸಾಲಿನಿಂದ ಸಾಲಿಗೆ ಪದದ ಉದ್ದ ಬೇರೆ. ಆದ್ದರಿಂದ ಮುದ್ರಕರು ಒಂದೇ ಎತ್ತರದ ಅಕ್ಷರವನ್ನು ಹಲವು ಅಗಲಗಳಲ್ಲಿ ಸಂಗ್ರಹಿಸಿಟ್ಟುಕೊಂಡು, ಚಿಕ್ಕ ಪದಕ್ಕೆ ಹಿಗ್ಗಿದ ಅಕ್ಷರ, ಉದ್ದದ ಪದಕ್ಕೆ ಕುಗ್ಗಿದ ಅಕ್ಷರವೆಂದು ಆರಿಸಿ ಸಾಲನ್ನು ತುಂಬಿಸುತ್ತಿದ್ದರು.

ದಿನಪತ್ರಿಕೆಗಳು ಇದೇ ಗುಣವನ್ನು ಬೇರೆ ಲೆಕ್ಕದಿಂದ ಮೆಚ್ಚಿದವು. ಒಂದು ಅಂಕಣದ ಸಾಲಿನಲ್ಲಿ 40 ಅಕ್ಷರ ಹಿಡಿಯುತ್ತಿದ್ದಲ್ಲಿ, ಅಗಲವನ್ನು ಶೇಕಡಾ 80ಕ್ಕೆ ಇಳಿಸಿದರೆ 50 ಅಕ್ಷರ ಹಿಡಿಯುತ್ತವೆ. ಕಾಗದವನ್ನು ಟನ್ನುಗಟ್ಟಲೆ ಕೊಳ್ಳುವವರಿಗೆ ಇದು ಸಣ್ಣ ಸಂಗತಿಯಲ್ಲ. ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಗಾಗಿ ಸ್ಟ್ಯಾನ್ಲಿ ಮಾರಿಸನ್ ಅವರ ಮೇಲ್ವಿಚಾರಣೆಯಲ್ಲಿ ವಿಕ್ಟರ್ ಲಾರ್ಡೆಂಟ್ ರಚಿಸಿ, 1932ರ ಅಕ್ಟೋಬರ್ 3ರಂದು ಮೊದಲು ಬಳಕೆಗೆ ಬಂದ ಟೈಮ್ಸ್ ನ್ಯೂ ರೋಮನ್ ಪೂರ್ಣಾರ್ಥದಲ್ಲಿ ಕಂಡೆನ್ಸ್ಡ್ ಅಲ್ಲ. ಆದರೂ ಅಗಲದಲ್ಲಿ ಮಿತವ್ಯಯಿ. ನಮ್ಮ ಕಚೇರಿಗಳ ಗಣಕಯಂತ್ರಗಳಲ್ಲೆಲ್ಲ ನೆಲೆಸಿರುವ ಈ ಅಕ್ಷರ ಒಂದು ಪತ್ರಿಕೆಯ ಅಂಕಣಕ್ಕಾಗಿ ಹುಟ್ಟಿದ್ದೆಂಬುದು ಗಮನಾರ್ಹ. ‘ನ್ಯೂಯಾರ್ಕ್ ಟೈಮ್ಸ್’ ತನ್ನ ತಲೆಬರಹಗಳ ಬಗೆಬಗೆಯ ಅಕ್ಷರಗಳನ್ನು 2003ರಲ್ಲಿ ಕೈಬಿಟ್ಟು ಚೆಲ್ಟನ್‌ಹ್ಯಾಮ್ ಎಂಬ ಒಂದೇ ಸೆರಿಫ್ ಕುಟುಂಬಕ್ಕೆ ಬದಲಾದಾಗ, ಕಿರಿದಗಲದ ರೂಪಗಳನ್ನು ಒತ್ತಿ ಮಾಡಿಸಲಿಲ್ಲ. ಮ್ಯಾಥ್ಯೂ ಕಾರ್ಟರ್ ಎಂಬ ಹೆಸರಾಂತ ವಿನ್ಯಾಸಕರಿಂದ ಹೊಸದಾಗಿ ಬರೆಯಿಸಿತು.

ಆ್ಯಪಲ್ ಸಂಸ್ಥೆಯ ಉದಾಹರಣೆ

ಒಂದು ಉದ್ಯಮವು ತನ್ನ ಗುರುತಾಗಿಯೇ ಕಿರಿದಗಲದ ಸೆರಿಫ್ ಅಕ್ಷರವನ್ನು ಬಳಸಿದ ಉದಾಹರಣೆಗಳಲ್ಲಿ ಅಮೆರಿಕದ ಆ್ಯಪಲ್ ಕಂಪ್ಯೂಟರ್ ಸಂಸ್ಥೆಯದು ಬಹಳ ಪ್ರಸಿದ್ಧ. 1984ರಲ್ಲಿ ಮ್ಯಾಕಿಂಟಾಷ್ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಸಂಸ್ಥೆಯು ಗ್ಯಾರಮಂಡ್ ಅಕ್ಷರದ ಒಂದು ರೂಪವನ್ನು ತನ್ನದಾಗಿಸಿಕೊಂಡಿತು. ಮೂಲ ಗ್ಯಾರಮಂಡ್ 16ನೆಯ ಶತಮಾನದ ಪ್ಯಾರಿಸಿನ ಮೊಳೆ ಕೊರೆಯುವ ಕುಶಲಕರ್ಮಿ ಕ್ಲಾಡ್ ಗ್ಯಾರಮಂಡನ ಹೆಸರಿನದು. ಅದರ ಪ್ರೇರಣೆಯಿಂದ ಟೋನಿ ಸ್ಟ್ಯಾನ್ ಎಂಬವರು 1970ರ ದಶಕದಲ್ಲಿ ಐ.ಟಿ.ಸಿ. ಗ್ಯಾರಮಂಡ್ ಅನ್ನು ರಚಿಸಿದ್ದರು. ಇದರ ಸಣ್ಣ ಅಕ್ಷರಗಳ ಮೈ ಎತ್ತರವಾದದ್ದು. ಆ್ಯಪಲ್‌ಗಾಗಿ ಇದರ ಅಗಲವನ್ನು ಶೇಕಡಾ 80ಕ್ಕೆ ಇಳಿಸಲಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಕಿರಿದು ಮಾಡುವ ಕೆಲಸವನ್ನು ನಿರ್ವಹಿಸಿದ ಬಿಟ್‌ಸ್ಟ್ರೀಮ್ ಸಂಸ್ಥೆಯು ಅಕ್ಷರವನ್ನು ಒತ್ತಿ ಕೈತೊಳೆದುಕೊಳ್ಳಲಿಲ್ಲ. ಗೆರೆಗಳ ದಪ್ಪವನ್ನು ಅಲ್ಪಸ್ವಲ್ಪ ತಿದ್ದಿ ಸರಿಪಡಿಸಿತು. ಅಷ್ಟಾದರೂ ಅಕ್ಷರಶಾಸ್ತ್ರ ಬಲ್ಲವರಲ್ಲಿ ಹಲವರು ಇದನ್ನು ಮೆಚ್ಚಲಿಲ್ಲ. ಗಣಿತದಿಂದ ಕುಗ್ಗಿಸಿದ ಛಾಯೆ ಉಳಿದಿದೆಯೆಂದು ಆಕ್ಷೇಪಿಸಿದರು. ಮಾರುಕಟ್ಟೆ ಮಾತ್ರ ಬೇರೆ ತೀರ್ಪು ಕೊಟ್ಟಿತು. ಯಂತ್ರದ ಹೆಸರು, ಪೆಟ್ಟಿಗೆ, ಕೈಪಿಡಿ, 1997ರ ‘ಥಿಂಕ್ ಡಿಫರೆಂಟ್’ ಜಾಹೀರಾತು ಇವೆಲ್ಲವೂ ಒಂದೇ ಅಕ್ಷರದಲ್ಲಿ ಬಂದುದರಿಂದ, ಸೇಬಿನ ಚಿತ್ರವಿಲ್ಲದಿದ್ದರೂ ಇದು ಯಾರ ಜಾಹೀರಾತೆಂದು ಜನ ಗುರುತಿಸುವಂತಾಯಿತು. ಗಣಕಯಂತ್ರವೆಂದರೆ ಒರಟು ಚೌಕಾಕಾರದ ಅಕ್ಷರಗಳೆಂಬ ಭಾವನೆಯಿದ್ದ ಕಾಲದಲ್ಲಿ, ಪುಸ್ತಕದ ಮುಖಪುಟಕ್ಕೆ ಹೊಂದುವ ಅಕ್ಷರವನ್ನು ಆ ಸಂಸ್ಥೆ ಆರಿಸಿತ್ತು. ಸುಮಾರು 2002ರಿಂದ ಸಂಸ್ಥೆಯು ಸೆರಿಫ್ ಇಲ್ಲದ ಮಿರಿಯಡ್ ಅಕ್ಷರಕ್ಕೆ ಹಂತಹಂತವಾಗಿ ಬದಲಾಯಿತು. ಅಂದರೆ ಸುಮಾರು 18 ವರ್ಷ ಒಂದೇ ಅಕ್ಷರ. ನಮ್ಮಲ್ಲಿ ಭೇಟಿಚೀಟಿಗೊಂದು, ಬಿಲ್ಲಿಗೊಂದು, ಫಲಕಕ್ಕೊಂದು ಅಕ್ಷರ ಬಳಸುವವರು ಈ 18 ವರ್ಷದ ಹಟವನ್ನು ಗಮನಿಸಬೇಕು. ಅಕ್ಷರದ ಸೌಂದರ್ಯಕ್ಕಿಂತ ಹೆಚ್ಚು ಕೆಲಸವನ್ನು ಈ ಹಟ ಮಾಡಿತೆಂಬುದು ಈ ಲೇಖಕನ ಅಭಿಪ್ರಾಯ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ಇದೆ. ಹೆಸರಿಗೂ ಜಾಹೀರಾತಿಗೂ ಗ್ಯಾರಮಂಡನ್ನು ಆರಿಸಿದ ಅದೇ ಸಂಸ್ಥೆ, ಮ್ಯಾಕಿಂಟಾಷಿನ ಪರದೆಯ ಮೇಲಿನ ಆದೇಶಪಟ್ಟಿಗಳಿಗೆ ಅದನ್ನು ಬಳಸಲಿಲ್ಲ. ಅಲ್ಲಿಗೆ ಷಿಕಾಗೊ ಎಂಬ ದಪ್ಪ, ಸರಳ, ಸೆರಿಫ್ ಇಲ್ಲದ ಅಕ್ಷರವನ್ನು ಪ್ರತ್ಯೇಕವಾಗಿ ಮಾಡಿಸಿತು. ಕಿರಿದಗಲದ ಸೆರಿಫ್ ದೊಡ್ಡ ಅಳತೆಯಲ್ಲಿ ಮಾತ್ರ ಮೆರೆಯುತ್ತದೆ. ಚಿಕ್ಕ ಅಳತೆಯಲ್ಲಿ, ಒರಟು ಮೇಲ್ಮೈಯಲ್ಲಿ, ಅವಸರದ ಓದಿನಲ್ಲಿ ಅದು ಕೈಕೊಡುತ್ತದೆ.

ಫಲಕದ ಲೆಕ್ಕ

ಈಗ ನಮ್ಮ ಅಂಗಡಿಯ ಫಲಕಕ್ಕೆ ಬರೋಣ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕು, ಅದು ಫಲಕದ ಮೇಲ್ಭಾಗದಲ್ಲಿರಬೇಕು. ಇಂಗ್ಲಿಷಿಗೆ ಉಳಿಯುವುದು ಶೇಕಡಾ 40. ಹಲವು ವರ್ತಕರು ಇಂಗ್ಲಿಷ್ ಹೆಸರನ್ನು ಈ ಭಾಗದಲ್ಲಿ ಹೇಗೆ ಕೂರಿಸುವುದೆಂದು ಕೇಳುತ್ತಾರೆ. ಕಿರಿದಗಲದ ಅಕ್ಷರವೇ ಉತ್ತರವೆಂದು ಫಲಕದವರು ಹೇಳುತ್ತಾರೆ. ಉತ್ತರ ಅರ್ಧ ಮಾತ್ರ ಸರಿ.

9 ಅಡಿ ಅಗಲ, 3 ಅಡಿ ಎತ್ತರದ ಫಲಕವನ್ನು ತೆಗೆದುಕೊಳ್ಳೋಣ. ಎರಡೂ ಬದಿ ಆರಾರು ಅಂಗುಲ ಬಿಟ್ಟರೆ ಬರಹಕ್ಕೆ 96 ಅಂಗುಲ ಅಗಲ. ಇಂಗ್ಲಿಷಿನ ಪಾಲು ಎತ್ತರದಲ್ಲಿ ಸುಮಾರು 14 ಅಂಗುಲ. ಮೇಲೆ ಹೇಳಿದ ಹೆಸರು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ 30 ಅಕ್ಷರ, 3 ತೆರಪು. ಸಾಮಾನ್ಯ ಸೆರಿಫ್‌ನಲ್ಲಿ ತೆರಪೂ ಸೇರಿ ಒಂದು ಅಕ್ಷರದ ಅಗಲ ಎತ್ತರದ ಹತ್ತರಲ್ಲಿ ಎಂಟು ಭಾಗವೆಂದು ಹಿಡಿದರೆ, ಒಂದೇ ಸಾಲಿನಲ್ಲಿ ಅಕ್ಷರದ ಎತ್ತರ ಮೂರೂವರೆ ಅಂಗುಲಕ್ಕೆ ತುಸು ಹೆಚ್ಚು. ಕಿರಿದಗಲದ ರೂಪದಲ್ಲಿ ಈ ಅಗಲ ಎತ್ತರದ ಅರ್ಧವಾದರೆ ಎತ್ತರ ಆರು ಅಂಗುಲದ ಸಮೀಪಕ್ಕೆ ಏರುತ್ತದೆ. ಅಷ್ಟೇ ಗೋಡೆ, ಅಷ್ಟೇ ಹೆಸರು. ಅಕ್ಷರ ಮಾತ್ರ ಒಂದೂವರೆ ಪಟ್ಟು ಎತ್ತರ.

ಆದರೆ ಹೆಸರನ್ನು ಎರಡು ಸಾಲಾಗಿ ಒಡೆದರೆ ಏನಾಗುತ್ತದೆ ನೋಡಿ. ‘ವೆಂಕಟೇಶ್ವರ ಟ್ರೇಡರ್ಸ್’ ಎಂಬ ಉದ್ದನೆಯ ಸಾಲು ಇಂಗ್ಲಿಷಿನಲ್ಲಿ ತೆರಪು ಸೇರಿ 21 ಅಕ್ಷರ. ಸಾಮಾನ್ಯ ಅಗಲದ ಅಕ್ಷರದಲ್ಲಿಯೇ ಐದೂಮುಕ್ಕಾಲು ಅಂಗುಲ ಎತ್ತರ ಸಿಗುತ್ತದೆ. ಎರಡು ಸಾಲು 14 ಅಂಗುಲದಲ್ಲಿ ಕೂರುತ್ತವೆ. ಅಂದರೆ ಕಿರಿದಗಲದ ಒಂದು ಸಾಲಿನಿಂದ ಪಡೆದ ಎತ್ತರವನ್ನು ಸಾಮಾನ್ಯ ಅಕ್ಷರದ ಎರಡು ಸಾಲಿನಿಂದಲೂ ಪಡೆಯಬಹುದು, ಓದುವುದಕ್ಕೂ ಇದೇ ಸುಲಭ. ಇನ್ನು ಎರಡು ಸಾಲನ್ನೂ ಕಿರಿದಗಲದಲ್ಲಿ ಬರೆದು ಅಕ್ಷರವನ್ನು ಒಂಬತ್ತು ಅಂಗುಲಕ್ಕೆ ಏರಿಸೋಣವೆಂದರೆ ಎರಡು ಸಾಲಿಗೆ 18 ಅಂಗುಲ ಬೇಕು, ಜಾಗವಿಲ್ಲ. ಹೀಗಾಗಿ ಅಡ್ಡಫಲಕದಲ್ಲಿ ಕಿರಿದಗಲದ ಅಕ್ಷರದ ಲಾಭ ಹೆಸರು ಒಂದೇ ಸಾಲಿನಲ್ಲಿ ಇರಲೇಬೇಕೆಂದಾಗ ಮಾತ್ರ. ಅದರ ನಿಜವಾದ ಕ್ಷೇತ್ರ ಎತ್ತರ ಹೇರಳವಾಗಿದ್ದು ಅಗಲ ಕಡಿಮೆ ಇರುವ ಕಡೆ: ಕಂಬಕ್ಕೆ ಕಟ್ಟುವ ನಿಲುಫಲಕ, ಸೀಸೆಯ ಚೀಟಿ, ಊದುಬತ್ತಿ ಪೆಟ್ಟಿಗೆಯ ಕಿರಿಯ ಮುಖ, ಪುಸ್ತಕದ ಬೆನ್ನು.

ಫಲಕದ ವೃತ್ತಿಯಲ್ಲಿ ಒಂದು ರೂಢಿಯ ಲೆಕ್ಕವಿದೆ: ಚೆನ್ನಾಗಿ ಓದಲು ಪ್ರತಿ 10 ಅಡಿ ದೂರಕ್ಕೆ ಅಕ್ಷರದ ಎತ್ತರ 1 ಅಂಗುಲ. ಈ ಲೆಕ್ಕ ಸಾಮಾನ್ಯ ಅಗಲದ ಅಕ್ಷರಕ್ಕೆ ಸಲ್ಲುವಂಥದು. ಕಿರಿದಾದ ಅಕ್ಷರದ ಒಳಬಯಲು ದೂರದಿಂದ ಬೇಗ ಮುಚ್ಚಿಕೊಳ್ಳುವುದರಿಂದ ಆರು ಅಂಗುಲದ ಕಿರಿದಗಲದ ಅಕ್ಷರವನ್ನು ಆರು ಅಂಗುಲದ ಸಾಮಾನ್ಯ ಅಕ್ಷರಕ್ಕೆ ಸಮನೆಂದು ಎಣಿಸುವಂತಿಲ್ಲ.

ಕನ್ನಡದ ಸಾಲನ್ನೂ ಹೀಗೆ ಒತ್ತಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಇಂಗ್ಲಿಷಿನ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮ ಅಕ್ಷರಗಳು ದುಂಡು. ಮೇಲೆ ತಲೆಕಟ್ಟು ಮತ್ತು ಗುಣಿತದ ಚಿಹ್ನೆಗಳು, ಕೆಳಗೆ ಒತ್ತಕ್ಷರ. ‘ಲಕ್ಷ್ಮೀ’ ಎಂಬ ಪದವೊಂದೇ ಸಾಲಿನ ಕೆಳಗೆ ಎಷ್ಟು ಇಳಿಯುತ್ತದೆಂದು ನೋಡಿದರೆ ಸಾಕು. ಇಂಗ್ಲಿಷಿನ ದೊಡ್ಡ ಅಕ್ಷರಗಳು ತಮಗೆ ಕೊಟ್ಟ ಎತ್ತರವನ್ನೆಲ್ಲ ತುಂಬುತ್ತವೆ. ಕನ್ನಡದ ಸಾಲು ಅದೇ ಎತ್ತರದಲ್ಲಿ ಒತ್ತಕ್ಷರಕ್ಕೂ ಚಿಹ್ನೆಗಳಿಗೂ ಪಾಲು ಕೊಡಬೇಕು. ಅಡ್ಡಕ್ಕೆ ಒತ್ತಿದರೆ ಮೊದಲು ಮುಚ್ಚಿಹೋಗುವುದು ಒತ್ತಕ್ಷರದ ಒಳಗಿನ ಸುರುಳಿ. ಫಲಕದಲ್ಲಿ ಕನ್ನಡಕ್ಕೆ ಹೆಚ್ಚಿನ ಎತ್ತರ ದೊರೆಯುವುದು ಕಾನೂನಿನ ಕಾರಣದಿಂದಷ್ಟೇ ಅಲ್ಲದೆ ಲಿಪಿಯ ಸ್ವಭಾವದಿಂದಲೂ ಅಗತ್ಯ. ಕನ್ನಡದಲ್ಲಿಯೂ ಕಿರಿದಗಲವೇ ಬೇಕಿದ್ದಲ್ಲಿ ಹಾಗೆಯೇ ರಚಿಸಿದ ಅಕ್ಷರ ಈಗ ಲಭ್ಯವಿದೆ: ಏಕ್ ಟೈಪ್ ಸಂಸ್ಥೆಯು 2022ರಲ್ಲಿ ಹೊರತಂದ ಅನೇಕ್ ಕನ್ನಡ ಕಿರಿದಗಲದಿಂದ ಹಿರಿದಗಲದವರೆಗೆ ಹಲವು ರೂಪಗಳಲ್ಲಿ ಉಚಿತವಾಗಿ ಸಿಗುತ್ತದೆ. ಅದು ಸೆರಿಫ್‌ನ ಗಾಂಭೀರ್ಯದ್ದಲ್ಲ, ಸರಳ ಶೈಲಿಯದು. ಆದರೆ ಒತ್ತಕ್ಷರಗಳು ಜೀವ ಉಳಿಸಿಕೊಂಡಿವೆ.

ಪೊಟ್ಟಣದ ಮೇಲೆ: ಮೂರರಲ್ಲೊಂದರ ನಿಯಮ

ತಯಾರಕರು ವಿಶೇಷವಾಗಿ ಗಮನಿಸಬೇಕಾದ ಭಾಗ ಇದು. 2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಮುಂತಾದ ಘೋಷಣೆಗಳ ಅಕ್ಷರಗಳಿಗೆ ಕನಿಷ್ಠ ಎತ್ತರವನ್ನು ವಿಧಿಸುತ್ತವೆಂಬುದು ಬಹುತೇಕರಿಗೆ ಗೊತ್ತು. ಅದೇ ನಿಯಮಗಳು ಅಗಲದ ಬಗೆಗೂ ಮಾತಾಡುತ್ತವೆ. ಅಕ್ಷರದ ಅಥವಾ ಅಂಕಿಯ ಅಗಲವು ಅದರ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಇರಕೂಡದು. ಸ್ವಭಾವತಃ ಸಪೂರವಾದ 1 ಎಂಬ ಅಂಕಿಗೂ, ಇಂಗ್ಲಿಷಿನ ಐ ಮತ್ತು ಸಣ್ಣ ಎಲ್ ಅಕ್ಷರಗಳಿಗೂ ಮಾತ್ರ ವಿನಾಯಿತಿ. ಎತ್ತರದ ನಿಯಮವನ್ನು ಪಾಲಿಸುತ್ತಲೇ ಅಕ್ಷರವನ್ನು ಓದಲಾಗದಷ್ಟು ಸಪೂರ ಮಾಡುವ ಜಾಣತನಕ್ಕೆ ಇದು ತಡೆ. ಅಮೆರಿಕದಲ್ಲಿ ಆಹಾರ ಪೊಟ್ಟಣಗಳ ನಿವ್ವಳ ಪ್ರಮಾಣದ ಘೋಷಣೆಗೂ ಇದೇ ಅನುಪಾತ: ಎತ್ತರ ಅಗಲದ ಮೂರು ಪಟ್ಟನ್ನು ಮೀರುವಂತಿಲ್ಲ.

ಲೆಕ್ಕ ಹಾಕಿದರೆ ಅಪಾಯ ಎಲ್ಲಿದೆಯೆಂದು ತಿಳಿಯುತ್ತದೆ. 4 ಮಿಲಿಮೀಟರ್ ಎತ್ತರದ ಅಂಕಿಗೆ ಸುಮಾರು 1.33 ಮಿಲಿಮೀಟರ್ ಅಗಲವಾದರೂ ಬೇಕು. ಟೈಮ್ಸ್ ಮಾದರಿಯ ಸಾಮಾನ್ಯ ಅಂಕಿಗಳ ಅಗಲ ಎತ್ತರದ ಸುಮಾರು ಶೇಕಡಾ 60. ಇವನ್ನು ಕೆಲಸಗಾರ ಅರ್ಧಕ್ಕೆ ಒತ್ತಿದರೆ ಶೇಕಡಾ 30 ಆಗುತ್ತದೆ. ನಿಯಮಕ್ಕೆ ಬೇಕಾದ 33ರ ಗಡಿ ದಾಟಿ ಕೆಳಗಿಳಿಯಿತು. ಪೊಟ್ಟಣದಲ್ಲಿ ಬೆಲೆಯ ಸಾಲು ಕೂರಲಿಲ್ಲವೆಂದು ಕೊನೆಯ ಗಳಿಗೆಯಲ್ಲಿ ಮೌಸಿನಿಂದ ಒತ್ತಿದ ಒಂದು ಕ್ಷಣ ಸಾಕು, ಮುದ್ರಿಸಿದ ಸರಕೆಲ್ಲ ತಪಾಸಣೆಯಲ್ಲಿ ಆಕ್ಷೇಪಕ್ಕೆ ಗುರಿಯಾಗಲು. ಕನಿಷ್ಠ ಎತ್ತರದ ಕೋಷ್ಟಕ 2011ರ ನಂತರ ತಿದ್ದುಪಡಿಯಾಗಿರುವುದರಿಂದ, ಹಳೆಯ ಪೊಟ್ಟಣದ ಅಳತೆಯನ್ನೇ ಹೊಸದಕ್ಕೆ ನಕಲು ಮಾಡದೆ ಚಾಲ್ತಿಯ ಕೋಷ್ಟಕವನ್ನು ನೋಡಿಯೇ ಮುಂದುವರಿಯುವುದು ಕ್ಷೇಮ.

ಐರೋಪ್ಯ ಒಕ್ಕೂಟಕ್ಕೆ ಆಹಾರ ಪದಾರ್ಥ ರಫ್ತು ಮಾಡುವವರಿಗೆ ಅಳತೆಗೋಲೇ ಬೇರೆ. ಅಲ್ಲಿನ 2011ರ 1169ನೆಯ ಕಟ್ಟಳೆಯು ಇಂಗ್ಲಿಷಿನ ಸಣ್ಣ ‘ಎಕ್ಸ್’ ಅಕ್ಷರದ ಎತ್ತರವನ್ನು ಅಳೆಯುತ್ತದೆ: ಕನಿಷ್ಠ 1.2 ಮಿಲಿಮೀಟರ್, ಪೊಟ್ಟಣದ ಅತಿ ದೊಡ್ಡ ಮುಖ 80 ಚದರ ಸೆಂಟಿಮೀಟರಿಗಿಂತ ಚಿಕ್ಕದಿದ್ದಲ್ಲಿ 0.9 ಮಿಲಿಮೀಟರ್. ಸಣ್ಣ ಅಕ್ಷರಗಳ ಮೈ ಎತ್ತರವಾಗಿರುವ ಕಿರಿದಗಲದ ಶೈಲಿ ಈ ಅಳತೆಯನ್ನು ಸುಲಭವಾಗಿ ಮುಟ್ಟುತ್ತದೆ. ಆದರೂ ಘಟಕಾಂಶಗಳ ಪಟ್ಟಿಗೆ ಕಿರಿದಗಲದ ಸೆರಿಫ್ ಬಳಸುವುದು ಈ ಲೇಖಕನಿಗೆ ಒಪ್ಪಿಗೆಯಿಲ್ಲ. 3, 6, 8 ಅಂಕಿಗಳು ಒಂದಕ್ಕೊಂದು ಹೋಲತೊಡಗುವುದು ಇಲ್ಲಿಯೇ. ಹೆಸರಿಗೆ ಕಿರಿದಗಲದ ಸೆರಿಫ್ ಇರಲಿ. ಬೆಲೆ, ದಿನಾಂಕ, ಬ್ಯಾಚ್ ಸಂಖ್ಯೆ, ಘಟಕಾಂಶಗಳಿಗೆ ಸೆರಿಫ್ ಇಲ್ಲದ ಸಾಮಾನ್ಯ ಅಗಲದ ಅಕ್ಷರವೇ ತಕ್ಕದ್ದು.

ಮುದ್ರಣದ ಬಗೆಯೂ ನಿರ್ಣಾಯಕ. ಆಫ್‌ಸೆಟ್‌ನಲ್ಲಿ ನಯವಾದ ಕಾಗದದ ಮೇಲೆ ಕೂದಲೆಳೆಯಂತಹ ಸೆರಿಫ್ ಕೂಡ ನಿಲ್ಲುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲಿನ ಫ್ಲೆಕ್ಸೊ ಮುದ್ರಣದಲ್ಲಿ ರಬ್ಬರಿನಂತಹ ಅಚ್ಚು ಒತ್ತಡಕ್ಕೆ ಹರಡಿ ಶಾಯಿ ಅಂಚು ಮೀರುತ್ತದೆ. ಕಿರಿದಾದ ಅಕ್ಷರದ ಒಳಬಯಲು ತುಂಬಿಹೋಗುತ್ತದೆ. ಗಾಢ ಬಣ್ಣದ ಹಿನ್ನೆಲೆಯಲ್ಲಿ ಅಕ್ಷರವನ್ನು ಬಿಳಿಯಾಗಿ ಬಿಟ್ಟರೆ ತೊಂದರೆ ತಿರುಗುಮುರುಗು: ಶಾಯಿ ಒಳಕ್ಕೆ ಹರಿದು ತೆಳು ಗೆರೆಗಳನ್ನು ನುಂಗುತ್ತದೆ. ರಟ್ಟಿನ ಪೆಟ್ಟಿಗೆಯ ಮೇಲಂತೂ ತೆಳು ಸೆರಿಫ್ ಬೇಡವೇ ಬೇಡ. ಗ್ರಾವ್ಯೂರ್ ಮುದ್ರಣದಲ್ಲಿ ಬಣ್ಣಕ್ಕೊಂದು ಸಿಲಿಂಡರ್ ಕೆತ್ತಿಸಬೇಕಾದ್ದರಿಂದ, ಅಕ್ಷರ ಸರಿಯಿಲ್ಲವೆಂದು ಆಮೇಲೆ ಕಂಡುಬಂದರೆ ಸಿಲಿಂಡರನ್ನೇ ಮತ್ತೆ ಮಾಡಿಸಬೇಕಾಗುತ್ತದೆ. ಫಲಕಕ್ಕೆ ಅಕ್ರಿಲಿಕ್ ಅಥವಾ ಉಕ್ಕಿನ ಹಾಳೆಯಲ್ಲಿ ಅಕ್ಷರ ಕತ್ತರಿಸುವವರೂ ತೀರ ತೆಳುವಾದ ಅಡ್ಡಗೆರೆಗೆ ಒಪ್ಪುವುದಿಲ್ಲ. ಸಾಗಾಣಿಕೆಯಲ್ಲಿ ಮುರಿಯುತ್ತದೆ, ಒಳಗೆ ದೀಪ ಕೂರಿಸಲು ಜಾಗವಿರುವುದಿಲ್ಲ.

ಎಲ್ಲಿ ದೊರೆಯುತ್ತದೆ, ಏನು ಕೇಳಬೇಕು

ನಿಜವಾಗಿ ಕಿರಿದಾಗಿ ರಚಿಸಿದ ಸೆರಿಫ್ ಅಕ್ಷರಗಳಿಗೆ ಹಿಂದೆ ಹಣ ತೆರಬೇಕಿತ್ತು. ಇಂದು ನೋಟೊ ಸೆರಿಫ್, ರೊಬೊಟೊ ಸೆರಿಫ್ ಕುಟುಂಬಗಳ ಕಿರಿದಗಲದ ರೂಪಗಳೂ, ತಲೆಬರಹಕ್ಕೆಂದೇ ರಚಿಸಿದ ಇನ್‌ಸ್ಟ್ರುಮೆಂಟ್ ಸೆರಿಫ್ ಅಕ್ಷರವೂ ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ದೊರೆಯುತ್ತವೆ. ವಾಣಿಜ್ಯ ಬಳಕೆಗೂ ಅಡ್ಡಿಯಿಲ್ಲ. ಡಿ.ಟಿ.ಪಿ. ಅಂಗಡಿಗಳ ಗಣಕಯಂತ್ರಗಳಲ್ಲಿ ಎಲ್ಲಿಂದಲೋ ನಕಲಾಗಿ ಬಂದು ಕುಳಿತ ನೂರಾರು ಫಾಂಟುಗಳ ವಿಷಯ ಹಾಗಲ್ಲ. ಫಾಂಟಿನ ಕಡತವೂ ತಂತ್ರಾಂಶವೇ. ಅದಕ್ಕೆ ಪರವಾನಗಿ ಬೇಕು. ಹೆಸರು, ಲಾಂಛನಗಳನ್ನು ವ್ಯಾಪಾರಚಿಹ್ನೆಯಾಗಿ ನೋಂದಾಯಿಸುವ ಉದ್ದೇಶವುಳ್ಳವರು ಮೊದಲೇ ಈ ಪರವಾನಗಿಯ ಪ್ರತಿಯನ್ನು ತಮ್ಮ ಕಡತದಲ್ಲಿ ಇರಿಸಿಕೊಳ್ಳುವುದು ಒಳ್ಳೆಯದು.

ಕೆಲಸ ಒಪ್ಪಿಸುವಾಗ ವಿನ್ಯಾಸಕಾರನನ್ನು ಕೇಳಬೇಕಾದ ಪ್ರಶ್ನೆ ಸರಳ: ಈ ಫಾಂಟಿನ ಹೆಸರೇನು, ಅಗಲ ಶೇಕಡಾ ನೂರರಲ್ಲಿದೆಯೇ? ತೊಂಬತ್ತೈದು ಎಂದರೆ ಚಿಂತೆಯಿಲ್ಲ, ಅಷ್ಟು ಕಣ್ಣಿಗೆ ತಿಳಿಯುವುದಿಲ್ಲ. ಎಪ್ಪತ್ತು ಎಂದರೆ ಕಿರಿದಗಲದ ಬೇರೆ ಫಾಂಟ್ ಹಾಕಲು ಹೇಳಬೇಕು. ಪೊಟ್ಟಣದ ಕರಡನ್ನು ಗಣಕಯಂತ್ರದ ಪರದೆಯ ಮೇಲೆ ಹಿಗ್ಗಿಸಿ ನೋಡಿ ಒಪ್ಪಿಗೆ ಕೊಡಬಾರದು. ನಿಜ ಅಳತೆಯಲ್ಲಿ ಮುದ್ರಿಸಿ, ಕತ್ತರಿಸಿ, ಖಾಲಿ ಪೊಟ್ಟಣಕ್ಕೆ ಅಂಟಿಸಿ, ಕಿರಾಣಿ ಅಂಗಡಿಯ ಬೆಳಕಿನಲ್ಲಿ ಕೈಯಳತೆಯ ದೂರದಿಂದ ಓದಬೇಕು. ಬೆಲೆಯ ಅಂಕಿಗಳನ್ನು ಅಳತೆಪಟ್ಟಿಯಿಂದ ಅಡ್ಡಕ್ಕೂ ಅಳೆಯಬೇಕು. ಫಲಕವಾದರೆ ಹೆಸರನ್ನು ಕಾಗದದ ಹಾಳೆಗಳಲ್ಲಿ ಪೂರ್ಣ ಅಳತೆಗೆ ಮುದ್ರಿಸಿ, ಜೋಡಿಸಿ, ಮುಚ್ಚಿದ ಷಟರ್‌ನ ಮೇಲೆ ಅಂಟಿಸಿ ಎದುರಿನ ಪಾದಚಾರಿ ಮಾರ್ಗದಿಂದ ಒಮ್ಮೆ ಹಗಲಿನಲ್ಲಿ, ಒಮ್ಮೆ ದೀಪ ಹಚ್ಚಿದ ಮೇಲೆ ನೋಡುವುದು ರೂಢಿಯಾಗಬೇಕು. ನಮ್ಮ ಹೆಸರು ನಮಗೆ ಬಾಯಿಪಾಠವಾಗಿರುವುದರಿಂದ ಮಾಲೀಕರ ಕಣ್ಣು ಈ ಪರೀಕ್ಷೆಗೆ ಸಲ್ಲದು. ಆ ಬೀದಿಗೆ ಹೊಸಬರಾದ ಯಾರನ್ನಾದರೂ ನಿಲ್ಲಿಸಿ ಓದಿಸುವುದು ಲೇಸು.